ಸ್ಪ್ಯಾನಿಷ್ ಕ್ರಿಯಾಪದಗಳನ್ನು ಕನ್ನಡದ ಕಿವಿಯಿಂದ ಕಲಿಯೋಣ: ವರ್ತಮಾನದಿಂದ ಭವಿಷ್ಯದವರೆಗೆ

ಸ್ಪ್ಯಾನಿಷ್ ಕಲಿಯಲು ಹೊರಟವರು ಮೊದಲು ಸುಸ್ತಾಗುವುದು ಕ್ರಿಯಾಪದಗಳ ಕೋಷ್ಟಕ ನೋಡಿ. ಒಂದು ಕ್ರಿಯಾಪದಕ್ಕೆ ಒಂದೊಂದು ಕಾಲದಲ್ಲೂ 6 ರೂಪ. ಹೀಗೆ ಕಾಲದ ಮೇಲೆ ಕಾಲ. ನಮ್ಮಲ್ಲಿ ಹೆಚ್ಚಿನವರು ಇಂಗ್ಲಿಷ್ ಪುಸ್ತಕವನ್ನೋ ಇಂಗ್ಲಿಷ್ ಆ್ಯಪನ್ನೋ ಹಿಡಿದು ಕಲಿಯುತ್ತಾರೆ. ಇಂಗ್ಲಿಷ್‌ನಲ್ಲಿ ಐ ಸ್ಪೀಕ್, ಯೂ ಸ್ಪೀಕ್, ವಿ ಸ್ಪೀಕ್, ಎಲ್ಲಾ ಒಂದೇ. ಹಾಗಾಗಿ ಆ ಪುಸ್ತಕಗಳು ಸ್ಪ್ಯಾನಿಷ್ ಕ್ರಿಯಾಪದ ಏನೋ ದೊಡ್ಡ ತೊಡಕು ಅನ್ನುವಂತೆ ವಿವರಿಸುತ್ತವೆ.

ಕನ್ನಡದವರಿಗೆ ಅದು ಹೊಸದೇ ಅಲ್ಲ. "ನಾಳೆ ಬರ್ತೀನಿ" ಅಂದರೆ ಬರುವವರು ಯಾರು ಅಂತ ಯಾರೂ ಕೇಳುವುದಿಲ್ಲ. ಮಾತಾಡುತ್ತೇನೆ, ಮಾತಾಡುತ್ತೀಯ, ಮಾತಾಡುತ್ತೇವೆ, ಮಾತಾಡುತ್ತೀರಿ, ಮಾತಾಡುತ್ತಾರೆ: ಯಾರು ಅನ್ನುವುದು ಕ್ರಿಯಾಪದದ ಕೊನೆಯಲ್ಲೇ ಇದೆ. ಸ್ಪ್ಯಾನಿಷ್ ಕೂಡ ಹೀಗೇ ನಡೆಯುತ್ತದೆ. ಅದಕ್ಕೇ ನನ್ನ ಸಲಹೆ ಇಷ್ಟು. ಇಂಗ್ಲಿಷ್ ದಾರಿ ಬಿಡಿ, ಕನ್ನಡದಿಂದ ನೇರವಾಗಿ ಹೋಗಿ. ಕೋಷ್ಟಕವನ್ನು ಕಣ್ಣಿನಿಂದ ಉರು ಹೊಡೆಯಬೇಡಿ, ಪ್ರತ್ಯಯಗಳನ್ನು ಕಿವಿಗೆ ಹಾಕಿಕೊಳ್ಳಿ.

ಮೊದಲು ಓದುವ ಬಗೆ

ಸ್ಪ್ಯಾನಿಷ್‌ನಲ್ಲಿ ಸ್ವರ ಎಳೆಯುವುದರಿಂದ ಅರ್ಥ ಬದಲಾಗುವುದಿಲ್ಲ. ಆದರೆ ಒತ್ತಿ ಹೇಳುವುದರಿಂದ ಬದಲಾಗುತ್ತದೆ. ಕನ್ನಡದಲ್ಲಿ ಇದು ಉಲ್ಟಾ. ಹಾಗಾಗಿ ಈ ಬರಹದಲ್ಲಿ ಒಂದು ಏರ್ಪಾಡು ಮಾಡಿಕೊಂಡಿದ್ದೇನೆ: ಎಲ್ಲಿ ದೀರ್ಘ ಇದೆಯೋ ಅಲ್ಲಿ ಒತ್ತಿ ಹೇಳಿ. 'ಆಬ್ಲೊ' ಅಂದರೆ ಮೊದಲ ಅಕ್ಷರಕ್ಕೆ ಒತ್ತು, ಅರ್ಥ 'ಮಾತಾಡುತ್ತೇನೆ'. 'ಅಬ್ಲೋ' ಅಂದರೆ ಕೊನೆಗೆ ಒತ್ತು, ಅರ್ಥ 'ಮಾತಾಡಿದ' ಅಥವಾ 'ಮಾತಾಡಿದಳು'. ಆಳೂ ಬದಲು, ಕಾಲವೂ ಬದಲು. ಸ್ಪ್ಯಾನಿಷ್ ಬರವಣಿಗೆಯಲ್ಲಿ ಈ ಎರಡಕ್ಕೂ ಇರುವ ವ್ಯತ್ಯಾಸ ಕೊನೆಯ ಸ್ವರದ ತಲೆ ಮೇಲಿನ ಒಂದು ಓರೆ ಗೆರೆ ಅಷ್ಟೇ. ನೋಟ್ಸ್ ಮಾಡಿಕೊಳ್ಳುವಾಗ ಆ ಗೆರೆಯನ್ನು ಯಾವತ್ತೂ ಬಿಡಬೇಡಿ.

ಉಚ್ಚಾರಣೆಯ ಇನ್ನೂ ಕೆಲವು ಮಾತು. ಸ್ಪ್ಯಾನಿಷ್‌ನಲ್ಲಿ 'ಎಚ್' ಅಕ್ಷರ ಬರೆಯುತ್ತಾರೆ, ಓದುವುದಿಲ್ಲ. 'ವಿ' ಅಕ್ಷರಕ್ಕೆ ನಮ್ಮ 'ಬ'ಕಾರದ ಧ್ವನಿ. ಜೋಡಿ 'ಎಲ್' ಬಂದರೆ ಹೆಚ್ಚಿನ ಕಡೆ 'ಯ', ಬ್ಯೂನಸ್ ಐರಿಸ್ ಕಡೆ 'ಶ'. ಪದದ ಕೊನೆಯಲ್ಲಿ 'ಅ' ಬಂದಾಗ ನುಂಗಬೇಡಿ, ಬಾಯಿ ತೆರೆದು ಸ್ಪಷ್ಟವಾಗಿ ಹೇಳಿ. ಪ್ರತ್ಯಯ ಇರುವುದೇ ಕೊನೆಯಲ್ಲಿ, ಅದನ್ನೇ ನುಂಗಿದರೆ ಯಾರು ಮಾತಾಡಿದ್ದು ಅಂತ ಎದುರಿನವರಿಗೆ ಗೊತ್ತಾಗುವುದಿಲ್ಲ.

ಹೆಜ್ಜೆ 1: ಬಾಲ ಕತ್ತರಿಸಿ

ನಿಘಂಟಿನಲ್ಲಿ ಸ್ಪ್ಯಾನಿಷ್ ಕ್ರಿಯಾಪದ ಸಿಗುವುದು ಮೂರೇ ಬಗೆಯಲ್ಲಿ. ಕೊನೆಗೆ 'ಆರ್' ಇರುತ್ತದೆ, ಇಲ್ಲವೇ 'ಏರ್', ಇಲ್ಲವೇ 'ಈರ್'. ಸ್ಪೇನ್‌ನ ರಾಯಲ್ ಸ್ಪ್ಯಾನಿಷ್ ಅಕಾಡೆಮಿ ತನ್ನ ಮಾದರಿ ಕೋಷ್ಟಕಗಳಿಗೆ ಅಮಾರ್ (ಪ್ರೀತಿಸು), ತೆಮೇರ್ (ಹೆದರು), ಪರ್ತೀರ್ (ಹೊರಡು) ಇಟ್ಟುಕೊಂಡಿದೆ. ತರಗತಿಗಳಲ್ಲಿ ಜಾಸ್ತಿ ಬಳಸುವುದು ಈ ಮೂರನ್ನು:

ಅಬ್ಲಾರ್ – ಮಾತಾಡು
ಕೊಮೇರ್ – ತಿನ್ನು, ಊಟ ಮಾಡು
ಬಿಬೀರ್ – ಬದುಕು, ವಾಸ ಮಾಡು

ಬಾಲ ತೆಗೆದರೆ ಉಳಿಯುವ ಅಬ್ಲ್, ಕೊಮ್, ಬಿಬ್ ಇವೇ ಬುಡಗಳು. ನಿಯಮಿತ ಕ್ರಿಯಾಪದ ಅಂದರೆ ಬುಡ ಬದಲಾಗದೆ ಪ್ರತ್ಯಯ ಮಾತ್ರ ಬದಲಾಗುವಂಥದ್ದು.

ಮೂರರಲ್ಲಿ 'ಆರ್' ಗುಂಪು ತುಂಬಾ ದೊಡ್ಡದು. ಈಗ ಹುಟ್ಟುವ ಹೊಸ ಕ್ರಿಯಾಪದಗಳೂ ಇದೇ ಗುಂಪಿಗೆ ಸೇರುತ್ತವೆ. ಚಾಟ್ ಮಾಡುವುದಕ್ಕೆ ಚತೆಆರ್, ಟ್ವೀಟ್ ಮಾಡುವುದಕ್ಕೆ ತ್ವಿತೆಆರ್. ಆದ್ದರಿಂದ ಮೊದಲು 'ಆರ್' ಗುಂಪನ್ನು ಗಟ್ಟಿ ಮಾಡಿಕೊಳ್ಳಿ. 'ಏರ್' ಮತ್ತು 'ಈರ್' ಬಹುಪಾಲು ಕಡೆ ಒಂದೇ ರೀತಿ ನಡೆಯುತ್ತವೆ, ಅವನ್ನು ಜೊತೆಗೇ ಕಲಿಯಬಹುದು.

ಹೆಜ್ಜೆ 2: ವರ್ತಮಾನ

ಮೊದಲು ಸರ್ವನಾಮಗಳು. ಯೋ (ನಾನು), ತೂ (ನೀನು), ಏಲ್ (ಅವನು), ಏಯ (ಅವಳು), ಉಸ್ತೇದ್ (ನೀವು, ಒಬ್ಬರಿಗೆ ಮರ್ಯಾದೆಯಿಂದ), ನೊಸೋತ್ರೊಸ್ (ನಾವು), ಬೊಸೋತ್ರೊಸ್ (ಸಲಿಗೆಯವರು ಹಲವರಿದ್ದಾಗ, ಸ್ಪೇನ್‌ನಲ್ಲಿ), ಏಯೊಸ್ (ಅವರು), ಉಸ್ತೇದೆಸ್ (ನೀವೆಲ್ಲ).

ಈಗ ರೂಪಗಳು, ಇದೇ ಕ್ರಮದಲ್ಲಿ: ನಾನು, ನೀನು, ಅವನು/ಅವಳು/ಉಸ್ತೇದ್, ನಾವು, ಬೊಸೋತ್ರೊಸ್, ಅವರು/ಉಸ್ತೇದೆಸ್.

ಅಬ್ಲಾರ್: ಆಬ್ಲೊ, ಆಬ್ಲಸ್, ಆಬ್ಲ, ಅಬ್ಲಾಮೊಸ್, ಅಬ್ಲಾಯ್ಸ್, ಆಬ್ಲನ್
ಕೊಮೇರ್: ಕೋಮೊ, ಕೋಮೆಸ್, ಕೋಮೆ, ಕೊಮೇಮೊಸ್, ಕೊಮೇಯ್ಸ್, ಕೋಮೆನ್
ಬಿಬೀರ್: ಬೀಬೊ, ಬೀಬೆಸ್, ಬೀಬೆ, ಬಿಬೀಮೊಸ್, ಬಿಬೀಸ್, ಬೀಬೆನ್

ಜೋರಾಗಿ ಓದಿ ನೋಡಿ. 'ನಾನು' ಅಂದರೆ ಕೊನೆಗೆ 'ಒ'. 'ನೀನು' ಅಂದರೆ 'ಸ್'. 'ನಾವು' ಅಂದರೆ 'ಮೊಸ್'. 'ಅವರು' ಅಂದರೆ 'ನ್'. 'ಒ' ಮಾತ್ರ ವರ್ತಮಾನದ್ದೇ ಗುರುತು. 'ಮೊಸ್', 'ನ್' ಮುಂದೆ ಬರುವ ಎಲ್ಲ ಕಾಲಗಳಲ್ಲೂ ಹೀಗೇ ಇರುತ್ತವೆ. 'ನೀನು'ವಿನ 'ಸ್' ಒಂದೇ ಒಂದು ಕಾಲದಲ್ಲಿ ತಪ್ಪಿಸಿಕೊಳ್ಳುತ್ತದೆ, ಅದು ಮುಂದಿನ ಹೆಜ್ಜೆಯಲ್ಲಿ ಬರುತ್ತದೆ. ಒತ್ತನ್ನೂ ಗಮನಿಸಿ: ನಾವು ಮತ್ತು ಬೊಸೋತ್ರೊಸ್ ಬಿಟ್ಟು ಉಳಿದ ಕಡೆಯೆಲ್ಲ ಒತ್ತು ಬುಡದ ಮೇಲಿದೆ.

ಕನ್ನಡಕ್ಕಿಂತ ಒಂದು ವಿಷಯದಲ್ಲಿ ಇದು ಸುಲಭ. ನಮಗೆ ಮಾತಾಡುತ್ತಾನೆ, ಮಾತಾಡುತ್ತಾಳೆ, ಮಾತಾಡುತ್ತದೆ ಅಂತ ಬೇರೆ ಬೇರೆ ಬೇಕು. ಸ್ಪ್ಯಾನಿಷ್‌ಗೆ ಮೂರಕ್ಕೂ 'ಆಬ್ಲ' ಸಾಕು.

'ಉಸ್ತೇದ್' ಬಗ್ಗೆ ಸ್ವಲ್ಪ ನಿಲ್ಲಬೇಕು, ಇಲ್ಲಿ ನಮ್ಮವರು ತುಂಬಾ ಎಡವುತ್ತಾರೆ. ಕನ್ನಡದಲ್ಲಿ ಮರ್ಯಾದೆ ಕೊಡಲು ಬಹುವಚನ ಹಾಕುತ್ತೇವೆ: ನೀವು ಮಾತಾಡುತ್ತೀರಿ. ಅದೇ ಅಭ್ಯಾಸದಲ್ಲಿ ಒಬ್ಬ ಹಿರಿಯರಿಗೆ 'ಆಬ್ಲನ್' ಅಂದುಬಿಡುತ್ತೇವೆ. ಅದು ತಪ್ಪು. ಉಸ್ತೇದ್ ಜೊತೆ ಬರುವುದು 'ಅವನು/ಅವಳು' ರೂಪ: ಉಸ್ತೇದ್ ಆಬ್ಲ. ಕಾರಣ ಇದೆ. ಈ ಪದ ಹುಟ್ಟಿದ್ದು 'ಬ್ವೇಸ್ತ್ರ ಮೆರ್ಸೇದ್' ('ನಿಮ್ಮ ಕೃಪೆ') ಅನ್ನುವ ಹಳೆಯ ಗೌರವದ ಮಾತಿನಿಂದ. ನಮ್ಮಲ್ಲೂ ಎದುರಿಗೆ ನಿಂತವರನ್ನೇ "ಏನು, ಯಜಮಾನರು ಎಲ್ಲಿಗೋ ಹೊರಟರು?" ಅಂತ ಕೇಳುವುದುಂಟಲ್ವಾ? ಮಾತು ನಿಮ್ಮ ಜೊತೆಗೇ, ಕ್ರಿಯಾಪದ ಮಾತ್ರ ಮೂರನೆಯವರದ್ದು. ಉಸ್ತೇದ್ ಕಥೆಯೂ ಹಾಗೆಯೇ.

ಬೊಸೋತ್ರೊಸ್ ಕಲಿಯಬೇಕೇ? ಸ್ಪೇನ್‌ಗೆ ಹೋಗುವವರಾದರೆ ಕಲಿಯಿರಿ. ಮೆಕ್ಸಿಕೊ, ಕೊಲಂಬಿಯಾ, ಪೆರು ಹೀಗೆ ಲ್ಯಾಟಿನ್ ಅಮೆರಿಕದ ಜನರ ಜೊತೆ ಕೆಲಸ ಇರುವವರಿಗೆ ಬೇಡ. ಅಲ್ಲಿ ಸ್ನೇಹಿತರ ಗುಂಪಿಗೂ ಉಸ್ತೇದೆಸ್ ಅಂತಲೇ ಹೇಳುತ್ತಾರೆ. ಅರ್ಜೆಂಟೀನಾದಲ್ಲಿ 'ತೂ' ಬದಲು 'ಬೋಸ್' ಬರುತ್ತದೆ. ಅದರ ರೂಪಗಳು ಅಬ್ಲಾಸ್, ಕೊಮೇಸ್, ಬಿಬೀಸ್. 'ತೂ' ರೂಪದ ಪಕ್ಕ ಇಟ್ಟು ನೋಡಿದರೆ ಅಬ್ಲಾಸ್‌ನಲ್ಲಿ ಒತ್ತು ಮಾತ್ರ ಪದದ ಕೊನೆಗೆ ಸರಿದಿದೆ.

ವರ್ತಮಾನದ ರೂಪವನ್ನು ಹತ್ತಿರದ ಭವಿಷ್ಯಕ್ಕೂ ಧಾರಾಳವಾಗಿ ಬಳಸಬಹುದು, ನಾವು ಮಾಡುವ ಹಾಗೆಯೇ. 'ಮಞಾನ ಆಬ್ಲೊ ಕೊನ್ ಆನ' ಅಂದರೆ 'ನಾಳೆ ಆನಾ ಜೊತೆ ಮಾತಾಡ್ತೀನಿ'.

ಹೆಜ್ಜೆ 3: ಎರಡು ಭೂತಕಾಲಗಳು

ಇಲ್ಲಿ ನಿಧಾನವಾಗಿ ಹೋಗಿ. ಸ್ಪ್ಯಾನಿಷ್‌ನ ಜೀವ ಇರುವುದೇ ಇಲ್ಲಿ.

ಮೊದಲನೆಯದು ಮುಗಿದ ಕೆಲಸ ಹೇಳುವುದು. 'ತಿಂದೆ', 'ಮಾತಾಡಿದೆ' ಅನ್ನುವಂಥದ್ದು.

ಅಬ್ಲಾರ್: ಅಬ್ಲೇ, ಅಬ್ಲಾಸ್ತೆ, ಅಬ್ಲೋ, ಅಬ್ಲಾಮೊಸ್, ಅಬ್ಲಾಸ್ತೆಯ್ಸ್, ಅಬ್ಲಾರೊನ್
ಕೊಮೇರ್: ಕೊಮೀ, ಕೊಮೀಸ್ತೆ, ಕೊಮ್ಯೋ, ಕೊಮೀಮೊಸ್, ಕೊಮೀಸ್ತೆಯ್ಸ್, ಕೊಮ್ಯೇರೊನ್
ಬಿಬೀರ್: ಬಿಬೀ, ಬಿಬೀಸ್ತೆ, ಬಿಬ್ಯೋ, ಬಿಬೀಮೊಸ್, ಬಿಬೀಸ್ತೆಯ್ಸ್, ಬಿಬ್ಯೇರೊನ್

'ಏರ್' ಮತ್ತು 'ಈರ್' ಇಲ್ಲಿ ಪೂರ್ತಿ ಒಂದೇ. 'ನೀನು' ರೂಪದಲ್ಲಿ 'ಸ್' ಹೋಗಿ 'ಸ್ತೆ' ಬಂದಿದೆ, ಇದೇ ಆಗ ಹೇಳಿದ ತಪ್ಪಿಸಿಕೊಳ್ಳುವ ಜಾಗ. ಒತ್ತು ಯಾವಾಗಲೂ ಬುಡದಿಂದ ಆಚೆಗೆ, ಪ್ರತ್ಯಯದ ಮೇಲೆ. ಇನ್ನು 'ಅಬ್ಲಾಮೊಸ್' ವರ್ತಮಾನದಲ್ಲೂ ಅದೇ, ಇಲ್ಲೂ ಅದೇ. ಬಿಬೀಮೊಸ್ ಕೂಡ. ಪಕ್ಕದಲ್ಲಿ 'ಅಯೇರ್' (ನಿನ್ನೆ) ಅಂತಿದ್ದರೆ ಭೂತಕಾಲ ಅಂತ ತಿಳಿಯುತ್ತದೆ. ಕೊಮೇರ್‌ನಲ್ಲಿ ಈ ಗೊಂದಲ ಇಲ್ಲ: ಕೊಮೇಮೊಸ್ ತಿನ್ನುತ್ತೇವೆ, ಕೊಮೀಮೊಸ್ ತಿಂದೆವು.

ಎರಡನೆಯದು ನಡೆಯುತ್ತಿದ್ದ ಕೆಲಸ ಹೇಳುವುದು. 'ತಿನ್ನುತ್ತಿದ್ದೆ', 'ಮಾತಾಡುತ್ತಿದ್ದೆ'.

ಅಬ್ಲಾರ್: ಅಬ್ಲಾಬ, ಅಬ್ಲಾಬಸ್, ಅಬ್ಲಾಬ, ಅಬ್ಲಾಬಮೊಸ್, ಅಬ್ಲಾಬಯ್ಸ್, ಅಬ್ಲಾಬನ್
ಕೊಮೇರ್: ಕೊಮೀಯ, ಕೊಮೀಯಸ್, ಕೊಮೀಯ, ಕೊಮೀಯಮೊಸ್, ಕೊಮೀಯಯ್ಸ್, ಕೊಮೀಯನ್
ಬಿಬೀರ್: ಬಿಬೀಯ, ಬಿಬೀಯಸ್, ಬಿಬೀಯ... ಕೊಮೇರ್ ಹಾಗೆಯೇ.

ಇದು ಇಡೀ ಭಾಷೆಯಲ್ಲೇ ತೀರಾ ಸರಳವಾದ ಕಾಲ. ಇದರಲ್ಲಿ ನಿಯಮ ತಪ್ಪುವ ಕ್ರಿಯಾಪದಗಳು ಮೂರೇ: ಸೇರ್ (ಇರು), ಈರ್ (ಹೋಗು), ಬೇರ್ (ನೋಡು).

ಯಾವಾಗ ಯಾವುದು? ಇಂಗ್ಲಿಷ್ ಪುಸ್ತಕಗಳು ಇದಕ್ಕೆ ಪುಟಗಟ್ಟಲೆ ಬರೆಯುತ್ತವೆ. ಇಂಗ್ಲಿಷ್‌ನಲ್ಲಿ ರೂಢಿಯ ಕೆಲಸಕ್ಕೆ 'ಯೂಸ್ಡ್ ಟು', ನಡೆಯುತ್ತಿದ್ದ ಕೆಲಸಕ್ಕೆ 'ವಾಸ್ ಈಟಿಂಗ್', ಹೀಗೆ ಬೇರೆ ಬೇರೆ. ಕನ್ನಡದ 'ತಿನ್ನುತ್ತಿದ್ದೆ' ಎರಡನ್ನೂ ಹೇಳುತ್ತದೆ, 'ಕೊಮೀಯ' ಕೂಡ ಎರಡನ್ನೂ ಹೇಳುತ್ತದೆ. 'ಚಿಕ್ಕವನಿದ್ದಾಗ ಮೀನು ತಿನ್ನುತ್ತಿದ್ದೆ', 'ನೀನು ಬಂದಾಗ ತಿನ್ನುತ್ತಿದ್ದೆ', ಎರಡಕ್ಕೂ ಕೊಮೀಯ. ಕನ್ನಡದಲ್ಲಿ ವಾಕ್ಯ ಹೇಳಿಕೊಳ್ಳಿ. '-ದೆ' ಬಂದರೆ ಮೊದಲನೆಯದು, '-ತ್ತಿದ್ದೆ' ಬಂದರೆ ಎರಡನೆಯದು. ಸಾಮಾನ್ಯವಾಗಿ ಇದು ಕೈಕೊಡುವುದಿಲ್ಲ.

ಕೊಮೀಯ ಕ್ವಾಂದೊ ಯಮೋ ಆನ. ತಿನ್ನುತ್ತಿದ್ದಾಗ ಆನಾ ಫೋನ್ ಮಾಡಿದಳು. ಹಿನ್ನೆಲೆಗೆ ಒಂದು, ಘಟನೆಗೆ ಇನ್ನೊಂದು. ಎರಡು ಭಾಷೆಗಳೂ ಒಂದೇ ರೀತಿ ಹಂಚಿಕೊಂಡಿವೆ.

ಕೈಕೊಡುವುದು 'ಇದ್ದೆ'ಯಂಥ ಪದಗಳಲ್ಲಿ. 'ಆಗ ನಾನು ಲಿಮಾದಲ್ಲಿದ್ದೆ', '5 ವರ್ಷ ಲಿಮಾದಲ್ಲಿದ್ದೆ', ಕನ್ನಡದಲ್ಲಿ ಎರಡೂ 'ಇದ್ದೆ'. ಸ್ಪ್ಯಾನಿಷ್‌ನಲ್ಲಿ ಮೊದಲನೆಯದು 'ಬಿಬೀಯ ಎನ್ ಲೀಮ', ಎರಡನೆಯದು 'ಬಿಬೀ ಸೀಂಕೊ ಆಞೊಸ್ ಎನ್ ಲೀಮ'. 5 ವರ್ಷ ಅಂದಾಗ ಲೆಕ್ಕ ಮುಗಿದಿದೆ. ಎಷ್ಟೇ ಉದ್ದದ ಅವಧಿಯಾದರೂ ಶುರು ಮತ್ತು ಕೊನೆ ಕಟ್ಟಿ ಹೇಳಿದರೆ ಮೊದಲನೆಯ ಭೂತಕಾಲವೇ ಬರಬೇಕು. ಗೊತ್ತಿತ್ತು, ಬೇಕಿತ್ತು, ಇಷ್ಟ ಇತ್ತು ಅನ್ನುವಂಥ ಮನಸ್ಸಿನ ಸ್ಥಿತಿಗಳು ಹೆಚ್ಚಾಗಿ ಎರಡನೆಯದಕ್ಕೆ ಹೋಗುತ್ತವೆ.

ಹೆಜ್ಜೆ 4: ಭವಿಷ್ಯ, ಮತ್ತು 'ಆಗಿದ್ದರೆ' ರೂಪ

ಈ ಎರಡು ಕಾಲಗಳಲ್ಲಿ ಬಾಲ ಕತ್ತರಿಸುವ ಹಾಗಿಲ್ಲ. ನಿಘಂಟಿನ ಪದಕ್ಕೇ ಪ್ರತ್ಯಯ ಅಂಟಿಸಬೇಕು. ಮೂರು ಗುಂಪಿಗೂ ಒಂದೇ ಪ್ರತ್ಯಯ.

ಭವಿಷ್ಯ: ಅಬ್ಲರೇ, ಅಬ್ಲರಾಸ್, ಅಬ್ಲರಾ, ಅಬ್ಲರೇಮೊಸ್, ಅಬ್ಲರೇಯ್ಸ್, ಅಬ್ಲರಾನ್

ಹಾಗೆಯೇ ಕೊಮೆರೇ, ಬಿಬಿರೇ. ಈ ಏ, ಆಸ್, ಆ, ಏಮೊಸ್, ಏಯ್ಸ್, ಆನ್ ಎಲ್ಲಿಂದ ಬಂದವು? 'ಅಬೇರ್' ಅನ್ನುವ ಸಹಾಯಕ ಕ್ರಿಯಾಪದದ ವರ್ತಮಾನ ನೋಡಿ: ಏ, ಆಸ್, ಆ, ಏಮೊಸ್, ಅಬೇಯ್ಸ್, ಆನ್. ಹಿಂದೆ ಎರಡು ಬೇರೆ ಪದಗಳಾಗಿದ್ದವು ಕಾಲಕ್ರಮದಲ್ಲಿ ಒಂದಕ್ಕೊಂದು ಅಂಟಿಕೊಂಡವು. ಇದು ಗೊತ್ತಿದ್ದರೆ ಒಂದು ಕಾಲ ಉರು ಹೊಡೆಯುವ ಕೆಲಸ ಕಡಿಮೆಯಾಯಿತು, ಯಾಕೆಂದರೆ ಅಬೇರ್ ಮುಂದಿನ ಹೆಜ್ಜೆಗೂ ಬೇಕು.

ದಿನದ ಮಾತಿನಲ್ಲಿ ಈ ರೂಪಕ್ಕಿಂತ 'ಬೋಯ್ ಅ ಅಬ್ಲಾರ್' (ಪದಶಃ 'ಮಾತಾಡಲು ಹೋಗುತ್ತೇನೆ') ಅನ್ನುವುದೇ ಜಾಸ್ತಿ ಕೇಳಿಸುತ್ತದೆ. ಈರ್ (ಹೋಗು) ಕ್ರಿಯಾಪದದ ವರ್ತಮಾನ ಬೋಯ್, ಬಾಸ್, ಬಾ, ಬಾಮೊಸ್, ಬಾಯ್ಸ್, ಬಾನ್ ಕಲಿತು, ಮುಂದೆ 'ಅ' ಸೇರಿಸಿ, ನಿಘಂಟಿನ ಪದ ಇಡಿ. ಆದರೆ ಅಬ್ಲರಾ ರೂಪಕ್ಕೆ ಇನ್ನೊಂದು ಕೆಲಸ ಇದೆ, ಅದು ಊಹೆ. 'ಎಸ್ತರಾ ಎನ್ ಕಾಸ' ಅಂದರೆ 'ಮನೆಯಲ್ಲಿ ಇದ್ದಾನು'. ನಮ್ಮ 'ಬಂದಾನು', 'ಇದ್ದಾನು' ಅನ್ನುವ ಧಾಟಿಯೇ ಅದು.

'ಆಗಿದ್ದರೆ' ರೂಪಕ್ಕೆ ಪ್ರತ್ಯಯ ಹೊಸದಾಗಿ ಕಲಿಯಬೇಕಿಲ್ಲ. ಕೊಮೀಯದ 'ಈಯ'ವನ್ನೇ ಪೂರ್ತಿ ಪದಕ್ಕೆ ಸೇರಿಸಿ: ಅಬ್ಲರೀಯ, ಅಬ್ಲರೀಯಸ್, ಅಬ್ಲರೀಯ, ಅಬ್ಲರೀಯಮೊಸ್, ಅಬ್ಲರೀಯಯ್ಸ್, ಅಬ್ಲರೀಯನ್. ಕೊಮೆರೀಯ, ಬಿಬಿರೀಯ ಹಾಗೆಯೇ.

ಕನ್ನಡದ ಕಿವಿಗೆ ನಿಜವಾದ ಬಲೆ ಇರುವುದು ಇಲ್ಲಿ. 'ಚಿಕ್ಕವನಿದ್ದಾಗ ಮೀನು ತಿನ್ನುತ್ತಿದ್ದೆ' ಅಂತೀವಿ. 'ಡಾಕ್ಟರ್ ಬೇಡ ಅನ್ನದಿದ್ದರೆ ಮೀನು ತಿನ್ನುತ್ತಿದ್ದೆ' ಅಂತಲೂ ಅಂತೀವಿ. ಒಂದೇ 'ತಿನ್ನುತ್ತಿದ್ದೆ'ಗೆ ಎರಡು ಕೆಲಸ. ಸ್ಪ್ಯಾನಿಷ್ ಇವನ್ನು ಬೇರೆ ಮಾಡುತ್ತದೆ. ನಿಜವಾಗಿ ತಿನ್ನುತ್ತಿದ್ದರೆ 'ಕೊಮೀಯ'. ಬರೀ ಕಲ್ಪನೆಯಾದರೆ 'ಕೊಮೆರೀಯ'. '-ತ್ತಿದ್ದೆ' ಬಂದಾಗಲೆಲ್ಲ 'ಇದು ನಡೆದದ್ದಾ, ನಡೆಯದ್ದಾ?' ಅಂತ ಒಂದು ಸಲ ಕೇಳಿಕೊಳ್ಳಿ. ಬಿಬೀಯ ಎನ್ ಮದ್ರೀದ್: ಆಗ ಮ್ಯಾಡ್ರಿಡ್‌ನಲ್ಲಿ ವಾಸವಿದ್ದೆ. ಕೊನ್ ದಿನೇರೊ, ಬಿಬಿರೀಯ ಎನ್ ಮದ್ರೀದ್: ದುಡ್ಡಿದ್ದರೆ ಮ್ಯಾಡ್ರಿಡ್‌ನಲ್ಲಿರುತ್ತಿದ್ದೆ.

ಇದೇ ರೂಪ ವಿನಯಕ್ಕೂ ಬರುತ್ತದೆ. ನಾವು ಹೋಟೆಲಿನಲ್ಲಿ 'ಒಂದು ಕಾಫಿ ಬೇಕಿತ್ತು' ಅನ್ನುವ ಕಡೆ ಅವರು 'ಮೆ ಗುಸ್ತರೀಯ ಉನ್ ಕಫೇ' ಅನ್ನಬಹುದು. 'ಮೆ' ಅಂದರೆ 'ನನಗೆ', ಆದ್ದರಿಂದ ವಾಕ್ಯದ ಜೋಡಣೆಯೂ ನಮ್ಮ ಥರವೇ.

ಹೆಜ್ಜೆ 5: 'ತಿಂದಿದ್ದೇನೆ'

ಇದು ಬೇಗ ಆಗುತ್ತದೆ. 'ಆರ್' ತೆಗೆದು 'ಆದೊ' ಹಾಕಿ, 'ಏರ್' ಮತ್ತು 'ಈರ್' ತೆಗೆದು 'ಈದೊ' ಹಾಕಿ: ಅಬ್ಲಾದೊ, ಕೊಮೀದೊ, ಬಿಬೀದೊ. ಮುಂದೆ ಅಬೇರ್ ರೂಪ ಇಡಿ. ಏ ಕೊಮೀದೊ, ತಿಂದಿದ್ದೇನೆ. ಆನ್ ಅಬ್ಲಾದೊ, ಮಾತಾಡಿದ್ದಾರೆ. ಎರಡರ ಮಧ್ಯೆ ಬೇರೆ ಪದ ತೂರಿಸಬೇಡಿ.

ಮ್ಯಾಡ್ರಿಡ್ ಕಡೆಯವರು ಇವತ್ತು ನಡೆದದ್ದಕ್ಕೆ ಸಾಮಾನ್ಯವಾಗಿ ಇದನ್ನೇ ಬಳಸುತ್ತಾರೆ: ಓಯ್ ಏ ಕೊಮೀದೊ ತಾರ್ದೆ, ಇವತ್ತು ತಡವಾಗಿ ಊಟ ಮಾಡಿದೆ. ಮೆಕ್ಸಿಕೊದಲ್ಲೋ ಬ್ಯೂನಸ್ ಐರಿಸ್‌ನಲ್ಲೋ 'ಓಯ್ ಕೊಮೀ ತಾರ್ದೆ' ಅನ್ನುವುದೇ ಹೆಚ್ಚು.

ಬೇರೆ ಎಲ್ಲಾ ಕಡೆ ನಿಯಮದಂತೆ ನಡೆದು ಇಲ್ಲಿ ಮಾತ್ರ ತಪ್ಪುವ ಕೆಲವು ಇವೆ. ಎಸ್ಕ್ರಿಬೀರ್ (ಬರೆ) 'ಎಸ್ಕ್ರೀತೊ' ಆಗುತ್ತದೆ, ಅಬ್ರೀರ್ (ತೆರೆ) 'ಅಬ್ಯೇರ್ತೊ', ರೊಂಪೇರ್ (ಮುರಿ) 'ರೋತೊ'. ಇವನ್ನು ಸುಮ್ನೆ ಬಾಯಿಪಾಠ ಮಾಡಿ.

ಹೆಜ್ಜೆ 6: ಸ್ವರ ಅದಲು ಬದಲು

ಆಸೆ, ಅನುಮಾನ, ಬೇಡಿಕೆ ಹೇಳುವಾಗ ಬೇರೆ ರೂಪ ಬೇಕಾಗುತ್ತದೆ. ಮಾಡುವುದು ಇಷ್ಟೇ: ವರ್ತಮಾನದ 'ಆರ್' ಗುಂಪಿಗೆ 'ಎ' ಸ್ವರ, ಉಳಿದ ಎರಡಕ್ಕೆ 'ಅ' ಸ್ವರ.

ಆಬ್ಲೆ, ಆಬ್ಲೆಸ್, ಆಬ್ಲೆ, ಅಬ್ಲೇಮೊಸ್, ಅಬ್ಲೇಯ್ಸ್, ಆಬ್ಲೆನ್
ಕೋಮ, ಕೋಮಸ್, ಕೋಮ, ಕೊಮಾಮೊಸ್, ಕೊಮಾಯ್ಸ್, ಕೋಮನ್

ಕ್ಯೇರೊ ಕೆ ಕೋಮಸ್: ನೀನು ತಿನ್ನಬೇಕು ಅಂತ ನನ್ನಾಸೆ. ನೋ ಆಬ್ಲೆಸ್: ಮಾತಾಡಬೇಡ. ಮರ್ಯಾದೆಯಿಂದ 'ಮಾತಾಡಿ' ಅನ್ನಲು ಆಬ್ಲೆ, 'ತಿನ್ನಿ' ಅನ್ನಲು ಕೋಮ. ಬಾಗಿಲಲ್ಲಿ ನಿಂತವರಿಗೆ 'ಪಾಸೆ, ಪಾಸೆ' ಅಂದರೆ 'ಬನ್ನಿ, ಒಳಗೆ ಬನ್ನಿ'. ಇದು ಪಸಾರ್ ಅನ್ನುವ ನಿಯಮಿತ ಕ್ರಿಯಾಪದದ ಇದೇ ರೂಪ.

ಆಬ್ಲೆ (ಮಾತಾಡಿ) ಮತ್ತು ಅಬ್ಲೇ (ಮಾತಾಡಿದೆ) ಮಧ್ಯೆ ಇರುವುದು ಒತ್ತೊಂದೇ. ಆಬ್ಲೊ, ಅಬ್ಲೋ, ಆಬ್ಲೆ, ಅಬ್ಲೇ, ಈ ನಾಲ್ಕನ್ನು ಒಂದರ ಹಿಂದೆ ಒಂದು ಹೇಳಿ ರೆಕಾರ್ಡ್ ಮಾಡಿ ಕೇಳಿ. ನಾಲ್ಕೂ ಬೇರೆ ಬೇರೆ ಕೇಳಿಸುವವರೆಗೆ ಬಿಡಬೇಡಿ.

ಅಭ್ಯಾಸ: ಒಂದು ಪುಟ್ಟ ಕಥೆ

ಎಲ್ಲಾ ಕಾಲ ಒಟ್ಟಿಗೆ ಕಲಿಯಬೇಕಿಲ್ಲ. ಸ್ಪ್ಯಾನಿಷ್ ಕಲಿಸುವ, ದೆಹಲಿಯಲ್ಲೂ ಕೇಂದ್ರವಿರುವ ಸ್ಪೇನ್ ಸರ್ಕಾರದ ಸಂಸ್ಥೆ ಇನ್‌ಸ್ಟಿಟ್ಯೂಟೊ ಸೆರ್ವಾಂತೆಸ್‌ನ ಪಠ್ಯಕ್ರಮದಲ್ಲಿ ತೀರಾ ಆರಂಭದ ಎ1 ಹಂತಕ್ಕೆ ವರ್ತಮಾನ, ಅದರ ಮುಂದಿನ ಎ2ಗೆ ಭೂತಕಾಲಗಳು ಮತ್ತು 'ತಿಂದಿದ್ದೇನೆ' ರೂಪ, ಬಿ1ಗೆ ಉಳಿದವು. ಮನೆಯಲ್ಲೇ ಕಲಿಯುವವರಿಗೂ ಇದು ಒಳ್ಳೆಯ ಕ್ರಮ.

ಈಗ ಇದನ್ನು ಓದಿ:

ಆಂತೆಸ್ ಬಿಬೀಯ ಎನ್ ಸೆಬೀಯ. ತ್ರಬಹಾಬ ಎನ್ ಉನ್ ಒತೇಲ್. ಕೊಮೀಯ ತಾರ್ದೆ, ಅ ಲಸ್ ತ್ರೇಸ್. ಉನ್ ದೀಯ ಉನ್ ಕ್ಲ್ಯೇಂತೆ ಒಲ್ಬಿದೋ ಲ ಮಲೇತ. ಕೊರ್ರೀ ಅ ಲ ಕಾಯೆ. ಲೊ ಯಮೇ.

ಹಿಂದೆ ಸೆವಿಲ್ಲೆಯಲ್ಲಿ ವಾಸವಿದ್ದೆ. ಒಂದು ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದೆ. ತಡವಾಗಿ, 3 ಗಂಟೆಗೆ ಊಟ ಮಾಡುತ್ತಿದ್ದೆ. ಒಂದು ದಿನ ಒಬ್ಬ ಗಿರಾಕಿ ಸೂಟ್‌ಕೇಸ್ ಮರೆತ. ಬೀದಿಗೆ ಓಡಿದೆ. ಅವನನ್ನು ಕರೆದೆ.

ಮೊದಲ ಮೂರು ವಾಕ್ಯ ಹಿನ್ನೆಲೆ. 'ಉನ್ ದೀಯ' (ಒಂದು ದಿನ) ಬಂದ ಕೂಡಲೇ ಕ್ರಿಯಾಪದದ ಧಾಟಿ ಬದಲಾಯಿತು. ಈಗ ಇದೇ ಕಥೆಯನ್ನು 'ಅವಳು' ಅಂತ ಮಾಡಿ ಹೇಳಿ. ಬಿಬೀಯ, ತ್ರಬಹಾಬ, ಕೊಮೀಯ ಬದಲಾಗುವುದಿಲ್ಲ. ಕೊರ್ರೀ 'ಕೊರ್ರ್ಯೋ' ಆಗುತ್ತದೆ, ಯಮೇ 'ಯಮೋ' ಆಗುತ್ತದೆ. ಆಮೇಲೆ 'ನಾವು' ಅಂತ, ಆಮೇಲೆ 'ಅವರು' ಅಂತ. ಒಂದೇ ಕಥೆಯನ್ನು ಹೀಗೆ ತಿರುಗಿಸಿ ಹೇಳುವುದು ಹತ್ತು ಕೋಷ್ಟಕ ಬರೆಯುವುದಕ್ಕಿಂತ ಉಪಯೋಗ. ಅನುಮಾನ ಬಂದರೆ ರಾಯಲ್ ಸ್ಪ್ಯಾನಿಷ್ ಅಕಾಡೆಮಿಯ ಆನ್‌ಲೈನ್ ನಿಘಂಟಿನಲ್ಲಿ ಆ ಪದ ಹುಡುಕಿ, ಪೂರ್ತಿ ಕೋಷ್ಟಕ ಉಚಿತವಾಗಿ ಸಿಗುತ್ತದೆ.

ಬರೆಯುವಾಗ ಒಂದು ಎಚ್ಚರ. ಬುಸ್ಕಾರ್ (ಹುಡುಕು) ಪೂರ್ತಿ ನಿಯಮಿತ: ಬೂಸ್ಕೊ ಹುಡುಕುತ್ತೇನೆ, ಬುಸ್ಕೇ ಹುಡುಕಿದೆ. ಕಿವಿಗೆ ಏನೂ ತೊಂದರೆಯಿಲ್ಲ. ಆದರೆ ಸ್ಪ್ಯಾನಿಷ್ ಲಿಪಿಯಲ್ಲಿ 'ಎ' ಸ್ವರದ ಮುಂದೆ 'ಸಿ' ಅಕ್ಷರಕ್ಕೆ 'ಕ' ಧ್ವನಿ ಉಳಿಯುವುದಿಲ್ಲ. ಅದಕ್ಕೆ ಬುಸ್ಕೇ ಬರೆಯುವಾಗ 'ಸಿ' ಬದಲು 'ಕ್ಯೂ, ಯು' ಜೋಡಿ ಬರುತ್ತದೆ. ಪಗಾರ್ (ಹಣ ಕೊಡು) 'ಪಗೇ' ಆದಾಗಲೂ ಇದೇ ಕಾರಣಕ್ಕೆ 'ಜಿ' ಪಕ್ಕ ಒಂದು 'ಯು' ಸೇರುತ್ತದೆ.

ದಿನವೂ ಬೇಕಾಗುವ ಸೇರ್, ಈರ್, ತೆನೇರ್, ಅಸೇರ್ (ಮಾಡು) ಇವೆಲ್ಲ ನಿಯಮ ತಪ್ಪುವವೇ. ಹಾಗಂತ ನಿಯಮಿತ ಕ್ರಿಯಾಪದಗಳನ್ನು ಹಾರಿಸಿ ನೇರ ಅಲ್ಲಿಗೆ ಹೋಗಬೇಡಿ. ತೆನೇರ್ ನೋಡಿ, 'ನನ್ನ ಹತ್ತಿರ ಇದೆ' ಅನ್ನಲು ಬಳಸುವ ಕ್ರಿಯಾಪದ. ತೇಂಗೊ ಹೊಸದು, ತ್ಯೇನೆಸ್‌ನಲ್ಲಿ ಬುಡ ಸ್ವಲ್ಪ ಬದಲು, ಆದರೆ ಕೊನೆಯ 'ಎಸ್' ನಿಮಗೆ ಗೊತ್ತಿರುವುದೇ. ತೆನೇಮೊಸ್ ಪೂರ್ತಿ ನಿಯಮಿತ. ತೆನೀಯ, ತೆನೀಯಸ್, ತೆನೀಯಮೊಸ್ ಅಷ್ಟೂ ಕೊಮೀಯದ ಹಾಗೆ. ತೆನೀದೊ ಕೂಡ. ಭವಿಷ್ಯದಲ್ಲಿ ಬುಡ 'ತೆಂದ್ರ್' ಆಗುತ್ತದೆ, ಪ್ರತ್ಯಯ ಅದೇ ಏ, ಆಸ್, ಆ. ಹೊಸದಾಗಿ ಕಲಿಯಬೇಕಾದ ದೊಡ್ಡ ಭಾಗ ಮುಗಿದ ಕೆಲಸ ಹೇಳುವ 'ತೂಬೆ' ರೂಪಗಳು ಮಾತ್ರ.